ಹೆಸರಿನ ಸೋಡಚಿಠ್ಠಿ

ಮಂಗಳವಾರ ಪೇಠ, ಕೊಲ್ಹಾಪುರ
೧೬ ಫೆಬ್ರುವರಿ ೨೦೨೫, ರವಿವಾರ

ಸಿದ್ಧಲಿಂಗ ಅವರಿಗೆ ರುತುಜಾಳ ಶರಣು.

ಮೇಲೆ ನಿಮ್ಮ ಹೆಸರು ಬರೆದು, ಸರಿಯಾಗಿದೆಯೇ ಎಂದು ಮತ್ತೊಮ್ಮೆ ಓದಿದೆ. ಮದುವೆಯಾದ ಮೇಲೆ ನಿಮ್ಮ ಹೆಸರನ್ನು ಬಾಯಿಂದ ಅಂದವಳಲ್ಲ, ಕೈಯಿಂದ ಬರೆದದ್ದೂ ರೇಶನ್ ಕಾರ್ಡಿನ ಅರ್ಜಿಗೆ ಮಾತ್ರ. ನಿಮ್ಮ ಅವ್ವನಿಗೆ ಈ ಕಾಗದ ಓದಿ ಹೇಳುವುದಾದರೆ ಮೊದಲ ಸಾಲು ಬಿಟ್ಟು ಓದಿ, ಇಲ್ಲದಿದ್ದರೆ ಇಲ್ಲಿಯವರೆಗೆ ಕೇಳಿಸುವ ಹಾಗೆ ಬೈದಾರು. ವಾಟ್ಸ್ಯಾಪಿನಲ್ಲಿ ಬರೆಯಬಹುದಿತ್ತು. ಆದರೆ ನಿಮ್ಮ ಫೋನು ಇಡೀ ದಿನ ಕಾಂಡಪ ಗಿರಣಿಯ ಕಟ್ಟೆಯ ಮೇಲೆ ಬಿದ್ದಿರುತ್ತದೆ, ಖಾರ ಕುಟ್ಟಿಸಲು ಬಂದವರೆಲ್ಲ ನಿಮಗಿಂತ ಮೊದಲೇ ಅದನ್ನು ಓದುತ್ತಾರೆ. ಕೃಷ್ಣಾತನ ಕೈಯಲ್ಲೂ ಕೊಟ್ಟಿಲ್ಲ, ಅಂಚೆಗೆ ಹಾಕುತ್ತಿದ್ದೇನೆ. ಅವನು ನಿಮ್ಮ ಟೆಂಪೊ ಓಡಿಸಲಿ, ನಮ್ಮಿಬ್ಬರ ನಡುವೆ ಮಾತು ಓಡಿಸಿದ್ದು ಸಾಕು. ಅದರಿಂದ ಏನಾಯಿತು ಎಂದು ತಿಳಿಸಲಿಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು, ಸಂಕ್ರಾಂತಿ ಮುಗಿದ ಮೇಲೆ, ಅವನು ಖಾರದ ಚೀಲ ಇಳಿಸಲು ಕೊಲ್ಹಾಪುರಕ್ಕೆ ಬಂದಿದ್ದ. ನಿಮ್ಮ ಮನೆ ಬಿಟ್ಟು ಬಂದ ಮೇಲೆ ನಾನು ಕೆಲಸ ಮಾಡುವ ಬೆಳ್ಳಿ ಅಂಗಡಿ ಇಲ್ಲಿ ಬಂಗಾರ ಬೆಳ್ಳಿ ಮಾರುವ ಗುಜರಿ ಓಣಿಯಲ್ಲಿದೆ. ಅಲ್ಲಿಗೆ ಹುಡುಕಿಕೊಂಡು ಬಂದು ಮೆಟ್ಟಿಲ ಹತ್ತಿರ ನಿಂತು, ಮುಖ ಎತ್ತದೆ ಹೇಳಿದ: ‘ವೈನಿ, ಅಣ್ಣಾ ಸೋಡಚಿಠ್ಠಿ ಕೇಳ್ಯಾನ್ರಿ. ಮುದತ ಮುಗಿಯಾಕ ಬಂದೈತಂತ, ಲಗೂನ ಕೊಟ್ರ ಚಲೋ ಅಂದಾನ.’ ಮತ್ತೇನಾದರೂ ಹೇಳಿದರೇನು ಎಂದು ಕೇಳಿದೆ. ‘ಇಲ್ರಿ, ಇಷ್ಟ ಅಂದಾನ’ ಎಂದ. ನಮ್ಮ ಸೀಮೆಯಲ್ಲಿ ಮನೆಮಾತು ಮರಾಠಿಯಿರಲಿ, ಕನ್ನಡವಿರಲಿ, ಸೋಡಚಿಠ್ಠಿ ಎಂದರೆ ಗಂಡ ಹೆಂಡತಿ ಬಿಟ್ಟು ಬೇರೆಯಾಗುವ ಕಾಗದ. ಬೇರೆ ಅರ್ಥ ನಾನು ಕೇಳಿದವಳಲ್ಲ. ಪಾಪ, ಅವನೂ ಅದೇ ಅರ್ಥದಲ್ಲಿ ಹೇಳಿದ. ಹೇಳಿ, ಕೊಟ್ಟ ಚಹವನ್ನೂ ಕುಡಿಯದೆ ಹೋದ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಿಡುವುದಾದರೆ ಬಿಡಲಿ, ಅದನ್ನಾದರೂ ನನ್ನ ಮುಖ ನೋಡಿ ಹೇಳಬಾರದಿತ್ತೇ ಎನಿಸಿತು. ಆದರೆ ನೀವು ಯಾವಾಗ ನನಗೆ ನೇರವಾಗಿ ಹೇಳಿದ್ದೀರಿ? ನಾನು ಒಲೆಯ ಮುಂದೆ ನಿಂತಿದ್ದರೂ ‘ಅವ್ವಾ, ಚಾ ಮಾಡಾಕ ಹೇಳು’ ಎನ್ನುತ್ತಿದ್ದಿರಿ. ಅವ್ವ ನನ್ನ ಕಡೆ ತಿರುಗಿ ‘ಚಾ ಮಾಡಬೇಕಂತ’ ಎನ್ನುತ್ತಿದ್ದರು. ನಿಮಗೂ ನನಗೂ ನಡುವೆ ಇದ್ದದ್ದು ಒಂದು ಹಿಟ್ಟಿನ ಡಬ್ಬಿ ಮಾತ್ರ. ಮೊದಮೊದಲು ನಗು ಬರುತ್ತಿತ್ತು. ನಾಚಿಕೆ ಇರಬೇಕು, ಹೊಸದರಲ್ಲಿ ಕೆಲವರು ಹೀಗೇ ಎಂದುಕೊಂಡೆ. ಹಳತಾದ ಮೇಲೂ ನೀವು ಹಾಗೇ ಉಳಿದಿರಿ. ಜ್ವರ ಬಂದು ಮಲಗಿದ್ದಾಗ ಗಡಹಿಂಗ್ಲಜದ ಪೇಟೆಯೆಲ್ಲ ತಿರುಗಿ ಗುಳಿಗೆ ತಂದವರು ನೀವೇ. ಆದರೆ ಬಾಗಿಲಲ್ಲಿ ನಿಂತು ಅವ್ವನಿಗೆ ‘ಹೆಂಗೈತಿ ಕೇಳು’ ಎಂದಿರಿ. ನನ್ನ ಹೆಸರು ನಿಮ್ಮ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಮುಂದಿನ ವಾರ ರಜೆ ಹಾಕಿ ಇಚಲಕರಂಜಿಗೆ ಹೋದೆ. ನನ್ನ ಜೊತೆ ಕಾಲೇಜಿನಲ್ಲಿದ್ದ ಶುಭಾಂಗಿ ಅಲ್ಲಿ ವಕೀಲಿ ಮಾಡುತ್ತಾಳೆ. ಅವಳ ಆಫೀಸಿನ ಹಿಂದೆಯೇ ಮಗ್ಗಗಳ ಶೆಡ್ಡು, ಆ ಖಟಖಟ ಸದ್ದಿನಲ್ಲಿ ಜೋರಾಗಿ ಮಾತಾಡಬೇಕು. ಗಂಡನ ವಿಷಯ ಅಷ್ಟು ಜೋರಾಗಿ ಹೇಳುವುದು ನನಗೆ ಹೊಸದು. ಅವಳು ಒಂದೊಂದೇ ಕೇಳುತ್ತ ಹೋದಳು. ಕುಡಿಯುತ್ತಾರೇನು? ಇಲ್ಲ. ಕೈ ಮಾಡಿದ್ದಾರೇನು? ಇಲ್ಲ. ಬೇರೆ ಯಾರಾದರೂ ಇದ್ದಾಳೇನು? ಮೆಣಸಿನಕಾಯಿ ಬಿಟ್ಟರೆ ಯಾರೂ ಇಲ್ಲ ಎಂದೆ. ‘ಹಂಗಾರ ಕಾರಣ ಏನಂತ ಬರೀಲಿ?’ ಎಂದಳು. ಮಾತಾಡುವುದಿಲ್ಲ ಎಂದೆ. ‘ಅದನ್ನ ಕಾರಣ ಅಂದ್ರ ಅರ್ಧಾ ಇಚಲಕರಂಜಿ ನಾಳೆ ಇಲ್ಲಿ ಪಾಳಿ ಹಚ್ಚತೈತಿ’ ಎಂದು ನಕ್ಕಳು. ಕೊನೆಗೆ ಇಬ್ಬರ ಒಪ್ಪಿಗೆಯಿಂದ ಎಂದು ಬರೆಸಿ, ನನ್ನ ಜಾಗದಲ್ಲಿ ಸಹಿ ಹಾಕಿದೆ. ಬಸ್ಸಿನಲ್ಲಿ ಕುಳಿತ ಮೇಲೆ ಹಾತಕಣಂಗಲೆ ಬರುವವರೆಗೆ ಅತ್ತೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಏನೂ ಕೇಳದೆ ಒಂದು ಪೇರಲ ಹಣ್ಣು ಕೊಟ್ಟಳು.

ಮೊನ್ನೆ ಶುಕ್ರವಾರ ನಿಖಿಲನ ಫೋನ್ ಬಂತು. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟು ನಮ್ಮ, ಅಲ್ಲ, ನಿಮ್ಮ ಖಾರದ ವೆಬ್‌ಸೈಟ್ ನೋಡಿಕೊಳ್ಳುತ್ತಾನಲ್ಲ, ಅವನೇ. ‘ವೈನಿ, ಸೋಡಚಿಠ್ಠಿ ಇನ್ನಾ ಬರಲಿಲ್ಲಲ್ರಿ, ಹೊಸಾ ಸೈಟ್ ತಯಾರ್ ಮಾಡಿ ಕುಂತೇನಿ’ ಎಂದ. ನನಗೆ ಎಲ್ಲಿತ್ತೋ ಸಿಟ್ಟು, ಅವನ ಮೇಲೆ ಹರಿಹಾಯ್ದೆ. ನಮ್ಮಿಬ್ಬರ ಸೋಡಚಿಠ್ಠಿಗೂ ನಿನ್ನ ಸೈಟಿಗೂ ಏನು ಸಂಬಂಧವೋ ಎಂದೆ. ಅವನು ‘ಅಯ್ಯಯ್ಯ ವೈನಿ, ನಿಮ್ದಲ್ರಿ, ಡೊಮೇನಿಂದರಿ!’ ಎಂದ.

ಅವನು ಹೇಳಿದ್ದು ಇಷ್ಟು. ಹೊಸ ಸೈಟನ್ನು ಬೇರೆ ಕಂಪನಿಯಲ್ಲಿ ಇಟ್ಟಿದ್ದಾನೆ, ಸೈಟಿನ ಹೆಸರೂ, ಅಂದರೆ ಡೊಮೇನೂ, ಅಲ್ಲಿಗೇ ಬರಬೇಕು. ನಾನು ಹೆಸರು ನೋಂದಾಯಿಸಿದ ಕಂಪನಿಯಲ್ಲಿ ಅದಕ್ಕೆ ಬೀಗವಿದೆ. ನಾನು ಬೀಗ ತೆಗೆಸಿ ಒಂದು ಕೋಡ್ ಕೊಟ್ಟರೆ ಮಾತ್ರ ಅವರು ಬಿಡುತ್ತಾರೆ. ಇದನ್ನು ಅವನು ನಿಮಗೆ ವಿವರಿಸುತ್ತಿದ್ದಾಗ ಅವ್ವ ಪಕ್ಕದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರಂತೆ. ‘ಅಂದ್ರ ಹೆಸರಿಗೂ ಸೋಡಚಿಠ್ಠಿ ಬೇಕನ್ನು’ ಎಂದರಂತೆ. ಎಲ್ಲರೂ ನಕ್ಕರಂತೆ, ಅಂದಿನಿಂದ ಕಾಂಡಪದಲ್ಲಿ ಆ ಕೋಡಿಗೆ ಅದೇ ಹೆಸರು. ಮುಗಿಯುವ ಮುದತವೂ ಡೊಮೇನಿನದೇ. ನೀವು, ಈ ತಮಾಷೆ ಗೊತ್ತಿಲ್ಲದ ಕೃಷ್ಣಾತನಿಗೆ ಹೇಳುವಾಗ, ಹೆಸರಿನದು ಎಂಬ ಒಂದು ಮಾತು ಬಿಟ್ಟಿರಿ. ನಾನು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ನಕ್ಕೆ. ಹೇಗೆ ನಕ್ಕೆನೆಂದರೆ ಮಾಲೀಕರಾದ ಜಿನೇಶ ಅವರು ಒಳಗಿನಿಂದ ಬಂದು ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಕೇಳಿದರು.

ಆ ಹೆಸರು ನನ್ನ ಹೆಸರಲ್ಲಿ ಏಕಿದೆ ಎಂದು ನೀವು ಎಂದೂ ನನ್ನನ್ನು ಕೇಳಲಿಲ್ಲ, ಈಗ ಕೇಳದೆಯೇ ಹೇಳುತ್ತೇನೆ. ಅದನ್ನು ತೆಗೆದುಕೊಂಡ ದಿನ ನೀವು ಮೆಣಸಿನಕಾಯಿ ಹರಾಜಿನ ಸವಾಲಿಗೆಂದು ಸಂಕೇಶ್ವರಕ್ಕೆ ಹೋಗಿದ್ದಿರಿ. ಅವ್ವ, ನಾನು ಅಡುಗೆಮನೆಯಲ್ಲಿ ಫೋನ್ ಹಿಡಿದು ಕುಳಿತೆವು. ಬರೀ ಬಾಳಕ್ಕ ಎಂಬ ಅವ್ವನ ಹೆಸರು ಸಿಗಲಿಲ್ಲ, ಅದನ್ನು ಯಾರೋ ಮೊದಲೇ ತೆಗೆದುಕೊಂಡು ಖಾಲಿ ಬಿಟ್ಟಿದ್ದರು. ಬಾಳಕ್ಕ ಎಂದರೆ ನಾನೊಬ್ಬಳೇ ಅಲ್ಲವೇ ಎಂದು ಅವ್ವನಿಗೆ ಭಾರಿ ಸಿಟ್ಟು. ಹಿಂದೆ ಖಾರ ಸೇರಿಸಿದೆ, ಬಾಳಕ್ಕಖಾರ ಡಾಟ್ ಕಾಮ್ ಸಿಕ್ಕಿತು. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ದೀರ್ಘ ಎಲ್ಲಿ ಉಳಿಯುತ್ತದೆ? ಇಚಲಕರಂಜಿಯ ಗಿರಾಕಿಯೊಬ್ಬರು ಅದನ್ನು ಮರಾಠಿಯ ಖರಾ, ಅಂದರೆ ನಿಜ, ಎಂದು ಓದಿ, ಇದು ಖರೆ ಬಾಳಕ್ಕ ಆದರೆ ಸುಳ್ಳು ಬಾಳಕ್ಕ ಯಾರು ಎಂದು ಫೋನ್ ಮಾಡಿ ಕೇಳಿದ್ದು ನಿಮಗೂ ನೆನಪಿರಬಹುದು.

ಮಾಲೀಕರ ಹೆಸರು ಕೇಳುವ ಜಾಗ ಬಂದಾಗ ಅವ್ವ ‘ಇದು ಹೊಲದ ಸಾತಬಾರಾ ಇದ್ದಂಗಲ್ಲ?’ ಎಂದರು. ಹೌದು, ಹೊಲದ ಪಹಣಿಯ ಹಾಗೆ ಯಾರ ಹೆಸರಿನಲ್ಲಿ ಉತಾರೆಯಿದೆಯೋ ಅವರದೇ, ಆದರೆ ಇದು ಕಾಯಂ ಅಲ್ಲ, ವರ್ಷಕ್ಕೊಮ್ಮೆ ಮತ್ತೆ ನಮ್ಮದು ಎಂದು ಹೇಳಿಕೊಳ್ಳಬೇಕು, ಮರೆತರೆ ಬೇರೆಯವರು ತೆಗೆದುಕೊಂಡು ಹೋಗುತ್ತಾರೆ ಎಂದೆ. ‘ಹಂಗಾರ ನಿನ್ನ ಹೆಸರಲೆ ಬರಿ. ಅಂವಗ ಏನೂ ನೆಪ್ಪ ಇರಂಗಿಲ್ಲ. ನನ್ನ ಹೆಸರ ನೀನ ಕಾಯಿ’ ಎಂದರು ಅವ್ವ. ಅದಕ್ಕೆ ಬರೆದೆ. ಮುಂದೆ ನಿಖಿಲ ಯಾವುದೋ ಮಾತಿಗೆ ಡೊಮೇನ್ ವೈನಿಯ ಹೆಸರಲ್ಲಿದೆ ಎಂದಾಗ ನೀವು ಕೃಷ್ಣಾತನಿಗೆ ‘ಅವ್ವನ ಹೆಸರ ತನ್ನ ಹೆಸರಿಗೆ ಮಾಡ್ಕೊಂಡಾಳ ನೋಡು’ ಎಂದಿರಿ. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಅವ್ವ ಕುರುಂದವಾಡಕ್ಕೆ ಮಗಳ ಮನೆಗೆ ಹೋಗಿದ್ದರು, ಇದ್ದಿದ್ದರೆ ಆಗಲೇ ಜಾಡಿಸುತ್ತಿದ್ದರು. ಕಳ್ಳಿ ಎಂದದ್ದಕ್ಕಿಂತ, ಅದನ್ನೂ ನನಗೆ ಹೇಳದೆ ಬೇರೆಯವರಿಗೆ ಹೇಳಿದಿರಲ್ಲ, ಅದರಿಂದ ನನಗೆ ಹೆಚ್ಚು ನೋವಾಯಿತು.

ಈಗ ನನ್ನ ಕೆಲಸವೂ ಇದೇ. ಜಿನೇಶ ಅವರ ಅಂಗಡಿಯ ಆನ್‌ಲೈನ್ ವ್ಯಾಪಾರ ನೋಡಿಕೊಂಡು, ಹುಪರಿಯಿಂದ ಬರುವ ಬೆಳ್ಳಿ ಕೆಲಸದವರಿಗೂ ಹೀಗೇ ಸೈಟಿನ ಹೆಸರು ತೆಗೆದುಕೊಡುತ್ತೇನೆ. ಎಲ್ಲರೂ ಕೇಳುವುದು ಒಂದೇ, ಒಮ್ಮೆ ತೆಗೆದುಕೊಂಡರೆ ಸಾಯುವ ತನಕ ನಮ್ಮದೇ ಅಲ್ಲವೇ ಎಂದು. ಅಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಒಂದು ಸಂಗತಿ ನಿಖಿಲ ನಿಮಗೆ ಹೇಳಿರಲಿಕ್ಕಿಲ್ಲ. ಕೋಡ್ ಹಾಕಿದ ಮೇಲೆ ನನಗೊಂದು ಮೇಲ್ ಬರುತ್ತದೆ. ಈ ಹೆಸರು ಹೋಗುತ್ತಿದೆ, ಬೇಡ ಎನ್ನುವುದಿದ್ದರೆ ಹೇಳಿ ಎಂದು ಇರುತ್ತದೆ. ಕೆಲವು ದಿನ ಕಾಯುತ್ತಾರೆ. ಬೇಡ ಎನ್ನದಿದ್ದರೆ ಒಪ್ಪಿಗೆಯೆಂದೇ ಹಿಡಿದು ಕಳಿಸಿಬಿಡುತ್ತಾರೆ. ನಾನು ಚೀಲ ಹಿಡಿದು ಹೊರಟ ದಿನ ನೀವು ತಕ್ಕಡಿಯ ಮುಂದೆ ನಿಂತಿದ್ದಿರಿ. ಚಪ್ಪಲಿ ಹಾಕಿಕೊಳ್ಳಲು ನಾನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ನೀವು ಬೇಡ ಅನ್ನಲಿಲ್ಲ. ನಾನೂ ಅದನ್ನು ಒಪ್ಪಿಗೆಯೆಂದೇ ಹಿಡಿದೆ.

ಅವ್ವನ ಹೆಸರಿಗೆ ಭಯವಿಲ್ಲ. ಮುದತ ಮುಗಿಯುವ ಮೊದಲೇ ಮುಂದಿನ ವರ್ಷಕ್ಕೆ ನವೀಕರಿಸಿದ್ದೇನೆ, ಇಲ್ಲಿಗೆ ಬಂದ ಮೇಲೂ ಪ್ರತಿವರ್ಷ ಮಾಡುತ್ತ ಬಂದಿದ್ದೇನೆ. ಕಾಯಿ ಎಂದಿದ್ದರು, ಕಾದಿದ್ದೇನೆ. ಬೀಗ ತೆಗೆಸಿ, ಕೋಡನ್ನು ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ದೊಡ್ಡಕ್ಷರ ಸಣ್ಣಕ್ಷರ ನೋಡಿ ಹಾಕಬೇಕು. ಇನ್ನೊಂದು ಕಾಗದ, ಸಹಿ ಮಾಡಿದ್ದು, ಶುಭಾಂಗಿಯ ಕಪಾಟಿನಲ್ಲಿದೆ. ಹರಿದು ಹಾಕು ಎಂದು ಅವಳಿಗೆ ಹೇಳಿಲ್ಲ, ಕೋರ್ಟಿಗೆ ಹಾಕು ಎಂದೂ ಹೇಳಿಲ್ಲ. ನನಗೆ ದಣಿವಾಗಿದೆ. ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ನಾನೇ ಊಹಿಸಿ, ನಾನೇ ಉತ್ತರ ಕೊಟ್ಟುಕೊಂಡು ದಣಿದಿದ್ದೇನೆ. ಆ ಕಾಗದವೂ ಬೇಕಾಗಿದ್ದರೆ ಅದನ್ನೂ ನೀವೇ ಕೇಳಿ, ಕೊಡುತ್ತೇನೆ.

ಈ ಸಲ ಖಾರದ ಧೂಳಿಗೆ ಅವ್ವನ ಕೆಮ್ಮು ಹೆಚ್ಚಾಗಿದೆಯೆಂದು ನಿಖಿಲ ಹೇಳಿದ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿ. ನೀವೂ ಕಟ್ಟಿಕೊಳ್ಳಿ.

ಇಂತಿ,
ಇನ್ನೂ ನಿಮ್ಮ ಅಡ್ಡಹೆಸರನ್ನೇ ಬರೆಯುತ್ತಿರುವ
ರುತುಜಾ

ತಾ.ಕ.: ಚೀಟಿಯಲ್ಲಿರುವ ಕೋಡ್ ಪೂರ್ತಿ ಇಲ್ಲ, ಕೊನೆಯ ಅಕ್ಷರ ಬಿಟ್ಟಿದ್ದೇನೆ. ದಾರಿಯಲ್ಲಿ ಯಾರಾದರೂ ಲಕೋಟೆ ಒಡೆದರೆ ಅವ್ವನ ಹೆಸರು ಕೈತಪ್ಪೀತು ಎಂಬ ಭಯಕ್ಕೆ ಎಂದು ಬರೆಯಬೇಕೆಂದಿದ್ದೆ, ಅದು ಸುಳ್ಳು. ಆ ಅಕ್ಷರವನ್ನು ಕೃಷ್ಣಾತನಿಗೆ ಹೇಳುವುದಿಲ್ಲ, ನಿಖಿಲನಿಗೆ ಹೇಳುವುದಿಲ್ಲ, ಅವ್ವ ಕೇಳಿದರೂ ಹೇಳುವುದಿಲ್ಲ. ನೀವೇ ಫೋನ್ ಮಾಡಿ, ರುತುಜಾ ಎಂದು ಕರೆದು ಕೇಳಿ.