ಅಜ್ಜಿ ಹಲಗೆ

ಸಿದ್ದಲಿಂಗ,

ಕೊನೆಗೂ ಒಂಬತ್ತಡಿಯ ಸರ್ಫ್‌ಬೋರ್ಡ್ ಕೊಂಡೆ. ನಿನ್ನದರಂತೆಯೇ ಅಗಲ, ದಪ್ಪ. ಅವತ್ತು ಮುಲ್ಕಿಯ ಕಡಲ ದಂಡೆಯಲ್ಲಿ ನೀನು, “ಸಣ್ಣ, ಸಪ್ಪೆ ಅಲೆಗೆ ದೊಡ್ಡ ಬೋರ್ಡೇ ಬೇಕು ಕಣೋ” ಎಂದಾಗ, ಎಲ್ಲರೆದುರು ಅದನ್ನು ‘ಅಜ್ಜಿ ಹಲಗೆ’ ಎಂದು ಆಡಿಕೊಂಡು ನಕ್ಕಿದ್ದೆ. ನನ್ನ ಗಿಡ್ಡ, ಚೂಪು ಬೋರ್ಡು ಒಂದು ಅಲೆಯನ್ನೂ ಹಿಡಿಯಲಿಲ್ಲ. ನೀನು ಆಮೇಲೆ ನಮ್ಮ ಮನೆ ಕಡೆ ಬರಲೇ ಇಲ್ಲ.

ಇವತ್ತು ಆಯುಧಪೂಜೆ. ರಾಮಕೃಷ್ಣನಗರದ ಮನೆಯೆದುರು ಅಮ್ಮ ಕಾರಿನ ಜೊತೆ ಬೋರ್ಡಿಗೂ ವಿಭೂತಿ ಬಳಿದಳು. ಅದನ್ನು ಕಾರಿನ ಮೇಲೇರಿಸಲು ನಾನೊಬ್ಬನೇ ಒದ್ದಾಡುವುದನ್ನು ನೋಡಿ, “ಇನ್ನೊಂದ್ ತುದಿ ಹಿಡ್ಕೊಳ್ತಿದ್ದ ಸಿದ್ದು ಎಲ್ಲೋ?” ಅಂದಳು.

“ಸಣ್ಣ ಅಲೆ ಅಂದ್ರೆ ಅವನಿಗೆ ಆಗ್ಬರಲ್ಲಮ್ಮ, ಅದಕ್ಕೇ ಬರೋದು ಬಿಟ್ಬುಟ್ಟ” ಎಂದೆ.

ಅವತ್ತು ನಿನ್ನನ್ನು ಆಡಿಕೊಂಡದ್ದು ಸಾಲದೆಂದು, ಇದನ್ನೂ ನಿನ್ನ ತಲೆಗೇ ಕಟ್ಟಿದೆ.