ರಂಗೂನು ದಾರಿಯ ಮಗು

ಜೂನ್ ೮, ೧೯೪೨. ಬಿಜೈ

ಕಾಲು ಉಪ್ಪುನೀರಿನಲ್ಲಿ. ಎಡಗಾಲಿನ ಎರಡು ಉಗುರು ಇನ್ನೂ ಬಂದಿಲ್ಲ. ಮಳೆಯೂ ಬಿಟ್ಟಿಲ್ಲ, ನೋಡಲು ಬರುವವರೂ ಬಿಟ್ಟಿಲ್ಲ. ಇವತ್ತು ಐದು ಮಂದಿ. ರಂಗೂನಿನ ಆಸ್ಪತ್ರೆಯಲ್ಲಿ ಆರು ವರ್ಷ ನರ್ಸ್ ಆಗಿದ್ದೆ. ಜಪಾನಿ ಬಾಂಬ್ ಬಿದ್ದ ಮೇಲೆ ಕಾಡು ಗುಡ್ಡ ಹತ್ತಿಳಿದು ನಡೆದೇ ಬಂದೆ. ಹೇಗೆ ಬದುಕಿದೆ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ. ಮಗು ಯಾರದ್ದು? ಯಾವ ಜಾತಿ?

ನೂಕಮ್ಮ. ಒಂದೂವರೆ ವರ್ಷ ಇರಬಹುದು. ತಾಯಿ ತೆಲುಗು ಕೂಲಿಯವಳು, ದಾರಿಯಲ್ಲಿ ಕಾಲರಾದಿಂದ ಸತ್ತಳು. ಮಗುವನ್ನು ನನ್ನ ಮಡಿಲಿಗೆ ಹಾಕಿ ಹೆಸರು ಮಾತ್ರ ಹೇಳಿದಳು. ಜಾತಿ ಹೇಳಲು ಪುರುಸೊತ್ತಾಗಲಿಲ್ಲ, ಪಾಪ.

"ಅದನ್ನು ಹಾಸಿಗೆಯಲ್ಲಿ ಮಲಗಿಸಬೇಡ" ಅಂದರು ಮಾಂಯ್. ನನ್ನ ಹೆತ್ತ ತಾಯಿ.

ಜೂನ್ ೧೦

ಡೆನಿಸ್ ಬಂದಿದ್ದ. ನಮ್ಮ ಮದುವೆ ನಿಶ್ಚಯವಾಗಿ ಎರಡು ವರ್ಷ. ಕಾದಿದ್ದಾನೆ, ಅದು ನಿಜ. ಕುರ್ಚಿಯ ಅಂಚಿನಲ್ಲಿ ಕೂತು ಟೊಪ್ಪಿ ತಿರುಗಿಸುತ್ತಾ ಇದ್ದ.

"ಮಗು ನಿನ್ನದೇ ಅಂತ ಜನ ಹೇಳ್ತಾರೆ, ಗೆರ್ಟ್ರೂಡ್. ನಮ್ಮ ಮಮ್ಮಾ ಊಟ ಬಿಟ್ಟಿದ್ದಾರೆ."

"ನೀನು ಎಂತ ಹೇಳ್ತೀ?"

"ನಾನು ಎಂತ ಹೇಳುವುದು ಮಾರಾಯ್ತಿ. ಸಾಕ್ಷಿ ಯಾರಾದರೂ ಉಂಟಾ?"

ಉಂಟು. ಬಂದರಿನ ಹಾಶಿಂ ಬ್ಯಾರಿ. ರಂಗೂನಿನಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದವನು. ಹನ್ನೊಂದು ದಿನ ನೂಕಮ್ಮನನ್ನು ಹೆಗಲ ಮೇಲೆ ಹೊತ್ತವನು. ನನಗೆ ಆಗ ನನ್ನ ಮೈ ಹೊರುವುದೇ ಕಷ್ಟವಾಗಿತ್ತು. ಭಾನುವಾರ ಬಾ ಎಂದು ಅವನಿಗೆ ಹೇಳಿ ಕಳಿಸಿದೆ. ತಾಯಿಯನ್ನು ಕರೆದುಕೊಂಡು ಬಾ ಎಂದು ಡೆನಿಸನಿಗೂ ಹೇಳಿದೆ.

ಅದೇ ಸಂಜೆ

ಸುಳ್ಳು ಬರೆಯಬಾರದು. ದಾರಿಯಲ್ಲಿ ನಾವೇನೂ ದೇವದೂತರಾಗಿರಲಿಲ್ಲ. ಮೊದಲ ಮೂರು ದಿನ ಎಲ್ಲರೂ ತಮ್ಮ ತಮ್ಮ ಚೊಂಬು ಹಿಡಿದೇ ನಡೆದರು. ನಾನೂ. ಗುಜರಾತಿ ಮುದುಕಿಯೊಬ್ಬಳು ನನ್ನ ನೆರಳು ಸೋಕದ ಹಾಗೆ ಕೂರುತ್ತಿದ್ದಳು. ನಾಲ್ಕನೆಯ ದಿನ ಅಕ್ಕಿ ಮುಗಿಯಿತು. ಪಂಜಾಬಿ ಸಿಪಾಯಿಯೊಬ್ಬ ಬೇಯಿಸಿದ ಗಂಜಿಯನ್ನು ಮದ್ರಾಸಿನವರು, ಒರಿಸ್ಸಾದವರು, ಹಾಶಿಂ, ನಾನು ಒಂದೇ ಡಬ್ಬಿಯಿಂದ ಕುಡಿದೆವು. ಮುದುಕಿ ಎರಡು ಸಲ ಕೇಳಿ ಹಾಕಿಸಿಕೊಂಡಳು. ಅವಳ ಹುಣ್ಣು ತೊಳೆದವಳು ನಾನು. ಎಲ್ಲರ ಕೀವಿಗೂ ಒಂದೇ ನಾತ.

ಜೂನ್ ೧೪, ಭಾನುವಾರ

ಎಲ್ಲ ಹಾಳಾಯಿತು. ನನ್ನದೇ ಬುದ್ಧಿ.

ಡೆನಿಸನ ತಾಯಿ ಚಾವಡಿಯಲ್ಲಿ ಕೂತಿದ್ದರು. ಹಾಶಿಂ ಇಸ್ತ್ರಿ ಅಂಗಿ ಹಾಕಿ, ಖರ್ಜೂರದ ಪೊಟ್ಟಣ ಹಿಡಿದು ಬಂದ. ಒಳಗೆ ಕರೆಯಲು ಮಾಂಯ್‌ಗೆ ಮನಸ್ಸಿಲ್ಲ. ಜಗಲಿಯಲ್ಲೇ ನಿಂತು ಹೇಳತೊಡಗಿದ. "ನೋಡಿ ಅಮ್ಮ, ಈ ಮಗುವಿನ ತಾಯಿಯನ್ನು ಮಣ್ಣು ಮಾಡಿದ್ದು ನಾನೇ..."

ಅಷ್ಟರಲ್ಲಿ ನೂಕಮ್ಮ ಅಡಿಗೆಮನೆಯಿಂದ ಓಡಿ ಬಂದಳು. ಅವನ ಕಾಲು ಹಿಡಿದು, ಎತ್ತಿಸಿಕೊಂಡು, ಹೆಗಲೇರಿ ಗಡ್ಡ ಹಿಡಿದು ನಕ್ಕಳು. ಈ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಡೆನಿಸನ ತಾಯಿ ಕಾಫಿ ಕೆಳಗಿಟ್ಟರು. "ಓತಿಕ್ಯಾತಕ್ಕೆ ಬೇಲಿ ಸಾಕ್ಷಿ" ಅಂದರು. ಸಾಕ್ಷಿಗೆ ಕರೆದವನನ್ನೇ ಅಪ್ಪನನ್ನಾಗಿ ಮಾಡಿಬಿಟ್ಟರು.

ಹಾಶಿಂಗೆ ಅರ್ಥವಾಯಿತು. ಮಗುವನ್ನು ಇಳಿಸಿ, ಖರ್ಜೂರದ ಪೊಟ್ಟಣ ಜಗಲಿಯಲ್ಲಿಟ್ಟು ಹೋದ.

ಜೂನ್ ೧೭

ಡೆನಿಸ್ ನನ್ನನ್ನು ನಂಬುತ್ತಾನಂತೆ. ಆದರೆ ಮಗು ಕಾನ್ವೆಂಟಿನ ಅನಾಥಾಲಯಕ್ಕೆ ಹೋಗಬೇಕು. ಸೆಪ್ಟೆಂಬರಿನ ಮೊಂತಿ ಹಬ್ಬ ಕಳೆದ ಮೇಲೆ ಮದುವೆ.

ನನಗೆ ಇಪ್ಪತ್ತೊಂಬತ್ತು.

ಜೂನ್ ೨೨

ಬಿಟ್ಟು ಬಂದೆ. ಜ್ಞಾನಸ್ನಾನ ಕೊಟ್ಟು ಆನಿ ಎಂದು ಹೆಸರಿಡುತ್ತಾರಂತೆ. ಬೇರೆ ಏನೂ ಬರೆಯಲಾರೆ.

ಜುಲೈ ೨೫

ಮದುವೆಯ ಸೀರೆ ಬಂತು. ಎಲ್ಲರೂ ಮುಟ್ಟಿ ನೋಡಿದರು.

ಮಧ್ಯಾಹ್ನ ಮಾರ್ಕೆಟಿನಲ್ಲಿ ಹಾಶಿಂ ಎದುರಾದ. ದೂರವೇ ನಿಂತ. ನನ್ನ ಮರ್ಯಾದೆಗಾಗಿ.

"ನರ್ಸಮ್ಮ, ಮಗುವನ್ನು ಎಲ್ಲಿಯೋ ಬಿಟ್ಟಿರಂತೆ. ನಮಗೆ ಕೊಡಿ. ನನ್ನ ಹೆಂಡತಿಯೇ ಹೇಳಿದ್ದು. ಮಕ್ಕಳು ನಾಲ್ಕು ಉಂಟು, ಅದರೊಟ್ಟಿಗೆ ಇದೂ ಒಂದು."

ಬಾಯಿಗೆ ಬಂದದ್ದು ಇದು: "ಅವಳು ಈಗ ಕ್ರಿಸ್ತಾಂವ್. ನಿಮ್ಮ ಮನೆಗೆ ಹೇಗೆ ಕೊಡುವುದು?"

ನನ್ನದೇ ದನಿ. ಡೆನಿಸನ ತಾಯಿಯದ್ದಲ್ಲ.

ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. "ಅನ್ನ ತಿನ್ನುತ್ತಾಳಾ?" ಎಂದು ಮಾತ್ರ ಕೇಳಿದ. ಗೊತ್ತಿಲ್ಲ ಅಂದೆ.

ಆಗಸ್ಟ್ ೮, ಶನಿವಾರ

ತಿನ್ನುತ್ತಿಲ್ಲ. ಕಾನ್ವೆಂಟಿನಿಂದ ಚೀಟಿ ಬಂದಿತ್ತು, ಮಾಂಯ್ ಮೂರು ದಿನ ಅಡಗಿಸಿಟ್ಟಿದ್ದರು. "ಮದುವೆ ಮುಗಿಯಲಿ ಅಂತ ಇಟ್ಟೆ" ಅಂದರು. ಕೊಡೆ ಕೂಡ ತೆಗೆದುಕೊಳ್ಳದೆ ಹೋದೆ.

ಬಾಗಿಲಲ್ಲಿ ಪುಸ್ತಕ ಇಟ್ಟಿದ್ದಾರೆ, ಬಂದವರು ಬರೆಯಬೇಕು. ಒಂದು ಕಾಲಂ: ಮಗುವಿಗೆ ಏನಾಗಬೇಕು? ಪೆನ್ನು ಹಿಡಿದು ನಿಂತೆ. ಹಿಂದೆ ನಮ್ಮ ಇಗರ್ಜಿಗೆ ಭಾನುವಾರದ ಪೂಜೆಗೆ ಬರುವ ಇಬ್ಬರು ಹೆಂಗಸರು ನಿಂತಿದ್ದರು. ಪರಿಚಯ ಎಂದು ಬರೆದೆ.

ಗೋಡೆಗೆ ಒರಗಿ ಕೂತಿದ್ದಳು. ತೋಳು ಕಡ್ಡಿಯಾಗಿದೆ. ನೂಕಮ್ಮಾ ಎಂದು ಮೆಲ್ಲಗೆ ಕರೆದೆ. ಎದ್ದಳು. ನಡೆದು ಬಂದಳು. ನಾನು ಕೈ ಚಾಚಿದೆ. ಅವಳು ನನ್ನ ಪಕ್ಕದಿಂದ ಬಗ್ಗಿ, ನನ್ನ ಹಿಂದೆ ನೋಡಿದಳು. ಹಾಶಿಂ ಬಂದಿದ್ದಾನೋ ಎಂದು.

ಯಾರೂ ಇರಲಿಲ್ಲ. ನಾನೇ ಅವನಿಗೆ ಕೊಡುವುದಿಲ್ಲ ಅಂದಿದ್ದೆ.