ಆಯ್ತು, ಏಳಿ

ಅಪ್ಪನಿಗೆ ಮಗಳ ನಮಸ್ಕಾರಗಳು.

ನಮ್ಮ ರೂಮಿನ ಕೆಳಗಿನ ಅಂಗಡಿಯ ಟೈಲರ್ ಮಾಮನಿಗೆ ನಗು ಬರುವ ಮೊದಲು ಕಿವಿ ಕೆಂಪಾಗುತ್ತದೆ. ಇವತ್ತು ಬೆಳಿಗ್ಗೆ ಅವರ ಫೋಟೋ ತೆಗೆಯುವಾಗ ಕಂಡೆ.

ಮೂರು ತಿಂಗಳಿಂದ ಒಂದು ಸ್ಟುಡಿಯೋದಲ್ಲಿ ಕಲಿಯುತ್ತಿದ್ದೇನೆ. ನಿಮಗೆ ಹೇಳಿರಲಿಲ್ಲ. ಮೊದಲೆಲ್ಲ ಗೆಳತಿಯರನ್ನು ಕೂರಿಸಿ "ನಗ್ರೇ" ಎಂದರೆ, ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಬಾಯಿ ತೆರೆಯುತ್ತಿದ್ದರು. ಈಗ ಉಪಾಯ ಸಿಕ್ಕಿದೆ. "ಆಯ್ತು, ಏಳಿ" ಎನ್ನುತ್ತೇನೆ. ಅವರು ಉಸಿರು ಬಿಟ್ಟು ಸಡಿಲಾದ ಕೂಡಲೇ ಕ್ಲಿಕ್ಕಿಸುತ್ತೇನೆ!

"ಅಯ್ಯೋ ಕಳ್ಳಿ, ಮೋಸ ಮಾಡಿದ್ಯಲ್ಲಮ್ಮ!" ಎಂದರು ಮಾಮ. ಆಮೇಲೆ ಚಿತ್ರ ನೋಡಿ, "ಇದು ನಾನೇನಾ?" ಎಂದು ಇನ್ನೊಂದು ಪ್ರತಿ ಕೇಳಿದರು. ದಾರಿಹೋಕರನ್ನೂ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೇನೆ ಅಪ್ಪ, ನಾನು!

ನೀವು ಕಳಿಸಿದ ಗುಮಾಸ್ತರ ಕೆಲಸದ ಅರ್ಜಿಗೆ ಫೋಟೋ ಬೇಕಿತ್ತಲ್ಲ, ಟೈಮರ್ ಇಟ್ಟು ನಾನೇ ತೆಗೆದುಕೊಂಡೆ. ನನಗೆ ನಾನೇ ಮೋಸ ಮಾಡಲಾಗದೆ ಹದಿನೇಳು ಸಲವೂ ಬೆದರಿದ ಮುಖವೇ ಬಂತು. ಹದಿನೆಂಟನೆಯ ಸಲ ಸ್ಟುಡಿಯೋ ನಡೆಸುವ ಅಕ್ಕ ಬಾಗಿಲಲ್ಲಿ ನಿಂತು, "ಸೋಮವಾರದಿಂದ ಕೆಲಸಕ್ಕೇ ಬಂದ್ಬಿಡೇ" ಎಂದರು. ಅಷ್ಟರಲ್ಲಿ ಕ್ಯಾಮೆರಾ ಕ್ಲಿಕ್ಕೆಂದಿತು.

ಆ ಚಿತ್ರ ಇದರೊಂದಿಗಿದೆ. ಅರ್ಜಿಯ ಫೋಟೋದಲ್ಲಿ ಹಲ್ಲು ಕಾಣಬಾರದಂತೆ. ಇದರಲ್ಲಿ ಮೂವತ್ತೆರಡೂ ಕಾಣುತ್ತಿವೆ. ಅಮ್ಮನಿಗೆ ತೋರಿಸಿ. ಖಾಲಿ ಅರ್ಜಿಯನ್ನೂ ಇಟ್ಟಿದ್ದೇನೆ, ಚಿಕ್ಕಪ್ಪನ ಮಗಳಿಗೆ ಕೊಡಿ. ಬೈಯುವುದಿದ್ದರೆ ಸ್ಟುಡಿಯೋದ ವಿಳಾಸಕ್ಕೆ ಬರೆಯಿರಿ. ಸೋಮವಾರದಿಂದ ಹಗಲೆಲ್ಲ ಅಲ್ಲೇ ಇರುತ್ತೇನೆ.

ನಿಮ್ಮ
ಪುಕ್ಕಲು ಮಗಳು